ಅಂದಾಜಿನ ಖಾತೆ ಕೊನೆಗೂ ಕೈ ಹಿಡಿಯಿತು: ನನ್ನ ಅನುಭವ

ಮುಂದೆ ಏನಾಗುತ್ತದೆ ಅನ್ನುವ ಪ್ರಶ್ನೆಗಳಿಗೆ ಶೇಕಡಾ ಅಂದಾಜು ಬರೆದಿಟ್ಟು, ಆಮೇಲೆ ತಾಳೆ ನೋಡುವ ಖಾತೆಯೊಂದನ್ನು ಇಟ್ಟಿದ್ದೇನೆ, ಪ್ರಶ್ನೆಗೊಂದು ಸಾಲು. ಹೋದ ವರ್ಷದ ಲೆಕ್ಕ ಮುಗಿಸಿದಾಗ ನನ್ನ ಬ್ರೈಯರ್ ಸ್ಕೋರ್ (ಆದದ್ದಕ್ಕೆ 1, ಆಗದ್ದಕ್ಕೆ 0 ಅಂತ ಹಿಡಿದು, ಅದಕ್ಕೂ ಅಂದಾಜಿಗೂ ಇರುವ ಅಂತರದ ವರ್ಗದ ಸರಾಸರಿ) 0.16ರ ಹತ್ತಿರ ಬಂದು ನಿಂತಿತ್ತು. ಪ್ರಶ್ನೆಗಳನ್ನು ಬರೆದವನು ನಾನಲ್ಲ. ಈ ವಿಧಾನಕ್ಕೆ ಮೂರು ಕಾಸಿನ ಬೆಲೆಯನ್ನೂ ಕೊಡದ ಇಬ್ಬರು ಗೆಳೆಯರು ಬರೆದಿದ್ದರು. ಅದಕ್ಕೇ ಈಗ ಸ್ವಲ್ಪ ಎದೆ ಉಬ್ಬಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಂದಾಜಿಗೆ ಶೇಕಡಾ ಹಾಕಿ ಬರೆದಿಡುವುದು, ಆಮೇಲೆ ತಾಳೆ ನೋಡುವುದು, ಇದೆಲ್ಲ ನಿಮಗೆ ಗೊತ್ತಿರುವ ಕೆಲಸವೇ. ಎಲ್ಲದಕ್ಕೂ 50 ಅಂತ ಬರೆಯುವವನಿಗೆ 0.25 ಸಿಗುತ್ತದೆ, ಕಡಿಮೆ ಆದಷ್ಟೂ ಒಳ್ಳೆಯದು. ಇಷ್ಟು ನೆನಪಿದ್ದರೆ ಸಾಕು. ಮೊದಲ ವರ್ಷ ನನಗೆ ಬಂದದ್ದು 0.27ರ ಆಸುಪಾಸು. ಅಂದರೆ ಏನೂ ಯೋಚಿಸದೆ ಉದ್ದಕ್ಕೂ 50 ಬರೆದಿದ್ದರೂ ಅದೇ ಮೇಲು.

ಗೆಳೆಯರ ಆಕ್ಷೇಪ ಎರಡು. ಒಬ್ಬ, "ಮನುಷ್ಯರ ನಡತೆಗೆಲ್ಲ ನಂಬರ್ ಹಾಕೋಕಾಗಲ್ಲ ಬಿಡೋ" ಅಂದ. ಇನ್ನೊಬ್ಬಳು ಜಾಣೆ. "ನಂಬರ್ ಹಾಕ್ಬಹುದು, ಆದ್ರೆ ನೀನು ಸುಲಭದ ಪ್ರಶ್ನೆ ಆರಿಸ್ಕೋತೀಯ" ಅಂದಳು. ಅವಳ ಮಾತಿನಲ್ಲಿ ಹುರುಳಿತ್ತು. ನಾಳೆ ಸೂರ್ಯ ಹುಟ್ಟುತ್ತಾನೆ ಅಂತ 99 ಬರೆದುಕೊಂಡು ಹೋದರೆ ಯಾರ ಸ್ಕೋರ್ ಆದರೂ ಹೊಳೆಯುತ್ತದೆ. ಅದಕ್ಕೆ ಪ್ರಶ್ನೆ ಬರೆಯುವ ಕೆಲಸವನ್ನು ಅವರಿಬ್ಬರಿಗೇ ಬಿಟ್ಟೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಚಾಲಕನೇ ಬೇಡದ ಕಾರು 2020ರ ಹೊತ್ತಿಗೆ ಮಾಮೂಲಾಗುತ್ತದೆ ಅನ್ನುವ ಮಾತು 2016ರ ಸುಮಾರಿಗೆ ಎಲ್ಲೆಲ್ಲೂ ಇತ್ತು. ನಾನು 80 ಬರೆದೆ. ಬರೆದು ಸುಮ್ನೆ ಕೂರಲಿಲ್ಲ, ಅದರ ಮೇಲೆ ಷೇರು ಕೊಂಡೆ. ಆ ವರ್ಷದ ಉಳಿತಾಯದಲ್ಲಿ ಮೂರನೇ ಒಂದು ಪಾಲು ಹೋಯಿತು. ಆಮೇಲೆ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್. ಮುಂದಿನ ವರ್ಷ ಮೀಟಿಂಗೆಲ್ಲ ಇದರಲ್ಲೇ ಅಂತ ಅರ್ಧ ತಿಂಗಳ ಸಂಬಳ ಸುರಿದೆ. ಸರಿಯಾಗಿ ಬಳಸಿದ್ದು ಮೂರೋ ನಾಲ್ಕೋ ವಾರ. ಇವೆರಡರ ಮೇಲೆ ಅಂದಾಜು ಮಾಡುವುದನ್ನು ಕಲಿಸುವ ಒಂದು ಕೋರ್ಸ್. ಅದಕ್ಕೆ ಕಟ್ಟಿದ ಶುಲ್ಕ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪಾಠ ಅಂದರೆ ಮನಸ್ಸು ಮಾಡುವ ತಪ್ಪುಗಳ ಉದ್ದನೆಯ ಪಟ್ಟಿ. ಬಾಯಿಪಾಠ ಆದಮೇಲೆ ಬೇರೆಯವರ ಮಾತಿನಲ್ಲಿ ಹುಳುಕು ಹುಡುಕೋದು ಸಲೀಸಾಯಿತು. ನನ್ನ ಸ್ಕೋರ್ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ.

ಕದಲಿದ್ದು ಸೋತ ಸಾಲುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನೋಡಿದಾಗ. ಚುನಾವಣೆ, ಬಡ್ಡಿ ದರ, ಆಟೋಟ ಇವುಗಳಲ್ಲಿ ನಾನು ಹೇಗೋ ಪರವಾಗಿಲ್ಲ. ಹೊಸ ತಂತ್ರಜ್ಞಾನದ ಸಾಲುಗಳಲ್ಲೇ ನೆಲ ಕಚ್ಚಿದ್ದೆ. 70ರಿಂದ 90 ಅಂತ ಬರೆದವುಗಳಲ್ಲಿ ನಿಜವಾದದ್ದು ಹತ್ತಕ್ಕೆ ನಾಲ್ಕರಷ್ಟೂ ಇಲ್ಲ. ಇನ್ನಷ್ಟು ಕೆದಕಿದೆ. ಯಂತ್ರದಿಂದ ಆಗುತ್ತದೆ ಅಂದದ್ದು ಬಹುಪಾಲು ಆಗಿತ್ತು. ಜನ ಹಾಗೆ ಮಾಡುತ್ತಾರೆ ಅಂದದ್ದು ಆಗಿರಲಿಲ್ಲ. ನಾನು ಒಂದೇ ಪ್ರಶ್ನೆ ಅಂದುಕೊಂಡು ಎರಡಕ್ಕೆ ಉತ್ತರ ಬರೆಯುತ್ತಿದ್ದೆ.

ದೊಡ್ಡವರ ಅಂದಾಜುಗಳನ್ನೂ ಇದೇ ಜರಡಿಗೆ ಹಾಕಿ ನೋಡಿದೆ. ಎಕ್ಸ್‌ರೇ, ಸ್ಕ್ಯಾನ್ ನೋಡಿ ವರದಿ ಬರೆಯುವ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ, ಹೆಚ್ಚೆಂದರೆ ಹತ್ತರಲ್ಲಿ, ಡೀಪ್ ಲರ್ನಿಂಗ್ ಅನ್ನುವ ಎಐ ವಿಧಾನ ಅವರನ್ನು ಮೀರಿಸುತ್ತದೆ ಅಂತ 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಹೇಳಿದ್ದರು. 2024ರ ಭೌತಶಾಸ್ತ್ರ ನೊಬೆಲ್ ಪಡೆದವರು, ಯಂತ್ರದ ಬಗ್ಗೆ ಅವರಿಗೆ ಹೇಳಿಕೊಡುವವರು ಯಾರು? ಚಿತ್ರ ನೋಡಿ ಗುರುತಿಸುವ ಎಷ್ಟೋ ಕೆಲಸಗಳಲ್ಲಿ ಯಂತ್ರ ಚೆನ್ನಾಗಿಯೇ ಮುಂದೆ ಬಂತು. ಆದರೆ ವರದಿಗೆ ಸಹಿ ಯಾರದು, ತಪ್ಪಾದರೆ ಹೊಣೆ ಯಾರದು, ಬೇರೆ ಡಾಕ್ಟರ್ ಫೋನ್ ಮಾಡಿ ಕೇಳೋದು ಯಾರನ್ನ, ಇವೆಲ್ಲ ಯಂತ್ರದ ಪ್ರಶ್ನೆಗಳಲ್ಲ. ರೇಡಿಯಾಲಜಿಸ್ಟ್‌ಗಳು ಇವತ್ತಿಗೂ ಬೇಕೇ ಬೇಕು.

ಪಿಕ್ಚರ್‌ಫೋನ್ ಇನ್ನೂ ಚೆನ್ನಾದ ಉದಾಹರಣೆ. ಮುಖ ನೋಡಿಕೊಂಡು ಮಾತಾಡುವ ಫೋನನ್ನು 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲೇ ತೋರಿಸಿದ್ದರು. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ದುಡ್ಡು ತೆಗೆದುಕೊಂಡು ಸೇವೆಯನ್ನೂ ಶುರು ಮಾಡಿದರು. ಕೆಲಸ ಮಾಡುತ್ತಿತ್ತು. ಜನಕ್ಕೆ ಬೇಡವಾಗಿತ್ತು. ಬೆಲೆ ಜಾಸ್ತಿ, ಆ ಕಡೆ ಅದೇ ಯಂತ್ರ ಇಟ್ಟುಕೊಂಡವರೂ ಇಲ್ಲ. 2020ರಲ್ಲಿ ಸೋಂಕಿಗೆ ಹೆದರಿ ಎಲ್ಲರೂ ಮನೆಯಲ್ಲಿ ಕೂತಾಗ ವಿಡಿಯೋ ಮೀಟಿಂಗ್ ಕೆಲವೇ ವಾರಗಳಲ್ಲಿ ರೂಢಿಯಾಯಿತು. ಅಷ್ಟು ಹೊತ್ತಿಗೆ ಯಂತ್ರ ತಯಾರಾಗಿ ಎಷ್ಟೋ ಕಾಲವಾಗಿತ್ತು.

ಬರೀ ಯಂತ್ರದ ಪ್ರಶ್ನೆ ಆದರೆ ಅಂದಾಜು ಎರಡೂ ಕಡೆ ತಪ್ಪುತ್ತದೆ. ಹತ್ತು ವರ್ಷದೊಳಗೆ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್ ಆಗುತ್ತದೆ ಅಂತ ಎಐ ಸಂಶೋಧಕರಾದ ಹರ್ಬರ್ಟ್ ಸೈಮನ್ ಮತ್ತು ಅಲೆನ್ ನ್ಯೂವೆಲ್ 1958ರಲ್ಲಿ ಬರೆದರು. ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಪಂದ್ಯದಲ್ಲಿ ಸೋಲಿಸಿದ್ದು 1997ರಲ್ಲಿ. ಗೋ ಆಟದಲ್ಲಿ ಉಲ್ಟಾ. ಇನ್ನೂ ಹತ್ತು ವರ್ಷ ಬೇಕು ಅಂತ ಹಲವರು ಅಂದುಕೊಂಡಿರುವಾಗಲೇ 2016ರಲ್ಲಿ ಆಲ್ಫಾಗೋ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಅಗ್ರ ಆಟಗಾರ ಲೀ ಸೆಡೋಲ್‌ರನ್ನು 4-1ರಿಂದ ಸೋಲಿಸಿತು. ಜನರ ಪಾಲು ಸೇರಿದಾಗ ಮಾತ್ರ, ಕನಿಷ್ಠ ನನ್ನ ಖಾತೆಯಲ್ಲಿ, ತಪ್ಪು ಒಂದೇ ಕಡೆಗೆ ವಾಲುತ್ತದೆ: ಬೇಗ ಆಗುತ್ತದೆ ಅನ್ನುವ ಕಡೆಗೆ.

ಹಾಗಾಗಿ ಈಗ ಪ್ರತಿ ತಂತ್ರಜ್ಞಾನದ ಸಾಲನ್ನೂ ಮೂರಾಗಿ ಒಡೆಯುತ್ತೇನೆ. ಯಂತ್ರಕ್ಕೆ ಆಗುತ್ತಾ? ಆದರೆ, ಅನುಮತಿ ಕೊಡಬೇಕಾದವರು ಕೊಡುತ್ತಾರಾ? ಕೊಟ್ಟರೆ, ಜನ ಹಳೇ ಅಭ್ಯಾಸ ಬಿಟ್ಟು ಮೂರು ತಿಂಗಳ ಮೇಲೂ ಅದನ್ನೇ ಬಳಸುತ್ತಾರಾ?

ಒಂದು ಸಾಲನ್ನು ಹತ್ತಿರದಿಂದ ತೋರಿಸುತ್ತೇನೆ. ಗೆಳತಿ ಬರೆದ ಪ್ರಶ್ನೆ: "ಡಿಸೆಂಬರ್ 31ಕ್ಕೆ ಮುಂಚಿನ ಕೊನೆಯ ಹತ್ತು ಮೀಟಿಂಗ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ನಿಮ್ಮ ತಂಡದ ಟಿಪ್ಪಣಿ ಬರೆದದ್ದು ಎಐ ಆಗಿರುತ್ತಾ?" ಪಕ್ಕದ ಕಾಲಮ್ಮಿನಲ್ಲಿ ತೀರ್ಪು ಕೊಡುವವರ ಹೆಸರು, ಅದು ನನ್ನದಲ್ಲ. ಒಡೆಯದೆ, ಓದಿದ ತಕ್ಷಣ ಮನಸ್ಸಿಗೆ ಬಂದ ನಂಬರ್ 85. ಒಡೆದೆ. ಯಂತ್ರಕ್ಕೆ ಆಗುತ್ತೆ, 95. ಮಾತೆಲ್ಲ ಹೊರಗಿನ ಸರ್ವರ್‌ಗೆ ಹೋಗೋದಕ್ಕೆ ಆಫೀಸು ಒಪ್ಪುತ್ತೆ, 60. ಒಪ್ಪಿದ ಮೇಲೆ ಜನ ಬಿಡದೆ ಬಳಸುತ್ತಾರೆ, 50. ಗುಣಿಸಿದರೆ 28.5. ಖಾತೆಗೆ 28 ಹಾಕಿದೆ.

ವರ್ಷದ ಕೊನೆಗೆ ನೋಡಿದರೆ ಹತ್ತರಲ್ಲಿ ಮೂರೋ ನಾಲ್ಕೋ. 85 ಹಾಕಿದ್ದರೆ ಆ ಸಾಲಿಗೆ 0.72ರ ಪೆಟ್ಟು ಬೀಳುತ್ತಿತ್ತು, 28ಕ್ಕೆ ಬಿದ್ದದ್ದು 0.08. ಅನುಮತಿ ಸಿಕ್ಕಿತ್ತು, ಟಿಪ್ಪಣಿಯೂ ಚೆನ್ನಾಗೇ ಬರುತ್ತಿತ್ತು. ತಡೆದದ್ದು ಬೇರೆ. ಟಿಪ್ಪಣಿ ಬರೆಯುವವರ ಕೈಯಲ್ಲಿ ಒಂದು ಅಧಿಕಾರ ಇರುತ್ತದೆ. ಮೀಟಿಂಗಿನಲ್ಲಿ ಏನು ತೀರ್ಮಾನ ಆಯಿತು ಅನ್ನೋದು ಅವರು ಬರೆದದ್ದೇ. ಅದನ್ನು ಯಂತ್ರಕ್ಕೆ ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ, ಹಾಗಂತ ಬಾಯಿಬಿಟ್ಟು ಹೇಳಿದವರೂ ಇಲ್ಲ. ಎಲ್ಲರೂ ಕೊಟ್ಟ ಕಾರಣ "ನಿಖರತೆ ಸಾಲದು".

ಮೂರನೇ ನಂಬರೇ ಇಲ್ಲಿ ಕಷ್ಟದ್ದು. ಜನರನ್ನು ಕೇಳಬೇಡಿ. ಕೇಳಿದರೆ ಎಲ್ಲರೂ ಹೊಸದನ್ನು ಬಳಸುತ್ತೇವೆ ಅಂತಲೇ ಹೇಳುತ್ತಾರೆ. ಅದೇ ಜನ ಇದಕ್ಕೆ ಮುಂಚೆ ಬಂದ ಮೂರು ಹೊಸ ವಸ್ತುಗಳ ಜೊತೆ ಏನು ಮಾಡಿದರು ಅಂತ ನೋಡಿ. ಆ ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡೋದು ಅನ್ನೋದಕ್ಕೆ ನನ್ನ ಹತ್ತಿರ ಒಂದು ಚಿಕ್ಕ ಕೈಚಳಕ ಇದೆ. ಅದನ್ನು ಇಲ್ಲಿ ಬಿಚ್ಚಲ್ಲ. ಗೆಳೆಯರ ಜೊತೆ ಬೆಟ್ ಇನ್ನೂ ನಡೀತಾ ಇದೆ, ಅವರೂ ಇದನ್ನು ಓದುತ್ತಾರೆ.

ಒಂದು ಎಚ್ಚರಿಕೆ. ಒಡೆಯುವ ಹುಮ್ಮಸ್ಸಿನಲ್ಲಿ ಏಳೆಂಟು ತುಂಡು ಮಾಡಿದರೆ ಎಲ್ಲವೂ ಸೊನ್ನೆಯ ಹತ್ತಿರ ಬಂದುಬಿಡುತ್ತದೆ. ಏಳು ಸಲ 80 ಗುಣಿಸಿದರೆ 21. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಲ್ಲಿ ಅದೇ ಸಂಗತಿ ಆಗಬಹುದು ಅನ್ನೋದು ಈ ಗುಣಾಕಾರದಲ್ಲಿ ಬರಲ್ಲ. ಒಂದಷ್ಟು ಕಾಲ ಹಾಗೂ ಮಾಡಿ ನೋಡಿದೆ, ಸ್ಕೋರ್ ಮತ್ತೆ ಕೆಟ್ಟಿತು. ಮೂರೇ ಸಾಕು.

ನನ್ನದೇ ನಡತೆಯ ಅಂದಾಜು ಬೇರೆ ಕಥೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಮುಗಿಸೋಕೆ ಸರಾಸರಿ 34 ದಿನ ಅಂದ ವಿದ್ಯಾರ್ಥಿಗಳಿಗೆ ನಿಜಕ್ಕೂ 55 ದಿನ ದಾಟಿತ್ತು. ನನ್ನ ಪ್ರಮಾಣವೂ ಹೆಚ್ಚುಕಡಿಮೆ ಅದೇ, ಒಂದಕ್ಕೆ 1.7. ಇದು ಗೊತ್ತಿದ್ದೂ ನಂಬರ್ ಸರಿಹೋಗಲ್ಲ, ಪ್ರತಿ ಸಲ "ಈ ಸಲ ಬೇರೆ" ಅನಿಸುತ್ತದೆ. ಹಾಗಾಗಿ ಯೋಚಿಸುವುದನ್ನೇ ಬಿಟ್ಟೆ. ಹಿಂದೆ ಮಾಡಿದ ಅಂಥವೇ ಐದು ಕೆಲಸ ತೆಗೆದು, ಹಿಡಿದ ಸಮಯವನ್ನು ಸಾಲಾಗಿ ಜೋಡಿಸಿ, ನಡುವಿನದನ್ನು ಬರೆಯುತ್ತೇನೆ. ಅಷ್ಟೇ.

ಮೌಲ್ಯಗಳ ಕಡೆ ಹೋದದ್ದು ಇದೇ ದಾರಿಯಲ್ಲಿ, ಒಂದು ಅಡ್ಡ ಪ್ರಯೋಗ ಅಂತ. ನನಗೆ ಮುಖ್ಯವಾದ ಐದು ಸಂಗತಿ ಬರೆದು, ಲಕೋಟೆಯಲ್ಲಿ ಹಾಕಿ ಮುಚ್ಚಿಟ್ಟೆ. ಆರು ತಿಂಗಳ ಬ್ಯಾಂಕ್ ಖಾತೆ, ಕ್ಯಾಲೆಂಡರ್, ಫೋನಿನ ಸ್ಕ್ರೀನ್ ಟೈಮ್ ಮೂರನ್ನೂ ಹರಡಿಕೊಂಡು ಕೂತೆ. ಪಟ್ಟಿಯಲ್ಲಿದ್ದ ಎರಡಕ್ಕೆ ದುಡ್ಡೂ ಹೋಗಿಲ್ಲ, ಸಮಯವೂ ಹೋಗಿಲ್ಲ. ಪಟ್ಟಿಯಲ್ಲೇ ಇಲ್ಲದ ಒಂದಕ್ಕೆ ದಿನಕ್ಕೆ ಎರಡು ಗಂಟೆಗೂ ಜಾಸ್ತಿ.

ಇಲ್ಲಿ ತುಂಬಾ ಜನ ಅವಸರದಲ್ಲಿ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಮಾಡಿದ್ದೇ ನಿಜವಾದ ಮೌಲ್ಯ, ಹೇಳಿದ್ದೆಲ್ಲ ಬೂಟಾಟಿಕೆ ಅಂತ. ನಾನು ಒಪ್ಪಲ್ಲ. ರಾತ್ರಿ ಹನ್ನೆರಡರ ತನಕ ಫೋನ್ ಉಜ್ಜುವವನ ಮೌಲ್ಯ ಫೋನ್ ಉಜ್ಜೋದೇ ಅನ್ನೋಕಾಗುತ್ತಾ? ಅದಕ್ಕೆ ಹೇಳಿದ್ದು ಒಂದು ಕಾಲಮ್, ಮಾಡಿದ್ದು ಎರಡನೇ ಕಾಲಮ್ ಅಂತ ಇಟ್ಟು, ಮೂರನೆಯದನ್ನೂ ಹಾಕಿದೆ. ಒಂದು ವಾರ ಬಿಟ್ಟು, ಆ ಕೆಲಸ ಮತ್ತೆ ಮಾಡ್ತಿದ್ದೆನಾ ಅಂತ ಹೌದು ಅಥವಾ ಇಲ್ಲ. ನಾಳೆ ನಾನು ಏನು ಮಾಡುತ್ತೇನೆ ಅಂತ ತಿಳಿಯೋಕೆ ಎರಡನೇ ಕಾಲಮ್ ಸಾಕು. ದುಡ್ಡು ಎಲ್ಲಿ ಹಾಕಬೇಕು ಅನ್ನೋದಕ್ಕೆ ಮೂರನೆಯದು ಬೇಕು. ಹೆಡ್‌ಸೆಟ್ ಕೊಳ್ಳುವಾಗ ಈ ಕಾಲಮ್ ಇದ್ದಿದ್ದರೆ ಅರ್ಧ ಸಂಬಳ ಉಳಿಯುತ್ತಿತ್ತು.

ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿನ, ತೀರ್ಮಾನ ತೆಗೆದುಕೊಳ್ಳುವ ವಿಧಾನವನ್ನೂ ನೋಡಿದೆ. ಪರ ಒಂದು ಕಡೆ, ವಿರೋಧ ಒಂದು ಕಡೆ, ಸಮ ತೂಕದವನ್ನು ಹೊಡೆದುಹಾಕುತ್ತಾ ಹೋಗೋದು. ನನಗೆ ಒಗ್ಗಲಿಲ್ಲ. ಮೊದಲೇ ಮನಸ್ಸು ಮಾಡಿದ ಕಡೆಗೆ ಪಟ್ಟಿ ತಾನಾಗಿ ಉದ್ದ ಬೆಳೆಯುತ್ತದೆ.

ಎಐ ಮಾಡೆಲ್‌ಗಳನ್ನೂ ಅಂದಾಜಿಗೆ ಹಚ್ಚಿದೆ, ಕೆಲವು ತಿಂಗಳು ಚಂದಾ ಕಟ್ಟಿ. ಒಂದೇ ಸಂಗತಿಯನ್ನು "ಆಗುತ್ತಾ" ಅಂತ ಒಂದು ಸಲ, ಬೇರೆ ಚಾಟಿನಲ್ಲಿ "ಆಗದೇ ಇರುತ್ತಾ" ಅಂತ ಇನ್ನೊಂದು ಸಲ ಕೇಳಿದರೆ, ಎರಡೂ ಶೇಕಡಾ ಸೇರಿ ಎಷ್ಟೋ ಸಲ ನೂರು ದಾಟುತ್ತಿತ್ತು. ಎರಡನ್ನೂ ಕೇಳಿ, ಎರಡನೆಯದನ್ನು ನೂರರಿಂದ ಕಳೆದು, ಮೊದಲನೆಯದಕ್ಕೂ ಅದಕ್ಕೂ ನಡುವಿನದು ತೆಗೆದರೆ ತಕ್ಕಮಟ್ಟಿಗೆ ಸರಿ. ಆದರೆ ಅದರ ನಂಬರ್ ಒಮ್ಮೆ ಕಣ್ಣಿಗೆ ಬಿದ್ದರೆ ನನ್ನ ನಂಬರ್ ಅಲ್ಲಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲು ನನ್ನದು ಬರೆದು, ಆಮೇಲೆ ಕೇಳೋದು. ಈಗ ಚಂದಾ ನಿಲ್ಲಿಸಿದ್ದೇನೆ, ಸ್ಕೋರಿಗೆ ಆಗುತ್ತಿದ್ದ ಲಾಭ ಕೊಟ್ಟ ದುಡ್ಡಿಗೆ ಸಾಲುತ್ತಿರಲಿಲ್ಲ.

ಬೆಟ್ ಬಗ್ಗೆಯೂ ಹೇಳಬೇಕು. ಗೆದ್ದರೆ ತಲೆ ಸರಿಯಿದೆ ಅಂತ ಅರ್ಥ ಅಲ್ಲ. ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಮತ್ತು ಜೀವಶಾಸ್ತ್ರಜ್ಞ ಪಾಲ್ ಎರ್ಲಿಕ್ 1980ರಲ್ಲಿ ಐದು ಲೋಹಗಳ ಬೆಲೆಯ ಮೇಲೆ ಬೆಟ್ ಕಟ್ಟಿದ್ದರು, ಏರುತ್ತದೆ ಅಂದವರು ಎರ್ಲಿಕ್, ಇಳಿಯುತ್ತದೆ ಅಂದವರು ಸೈಮನ್. 1990ರಲ್ಲಿ ಎರ್ಲಿಕ್ ಸೋತು 576 ಡಾಲರ್ ಚಿಲ್ಲರೆಯ ಚೆಕ್ ಕಳಿಸಿದರು. ಷರತ್ತು ಎಷ್ಟು ಚೊಕ್ಕ ಇತ್ತು ಅಂದರೆ ತಕರಾರಿಗೆ ಜಾಗವೇ ಇರಲಿಲ್ಲ. ಆದರೆ ಬೇರೆ ಎಷ್ಟೋ ದಶಕಗಳಲ್ಲಿ ಅದೇ ಬೆಟ್ ಕಟ್ಟಿದ್ದರೆ ಎರ್ಲಿಕ್ ಗೆಲ್ಲುತ್ತಿದ್ದರು. ಒಂದು ಬೆಟ್ಟಿನಿಂದ ಏನೂ ತಿಳಿಯಲ್ಲ, ನೂರಾರು ಬೇಕು. ಅದಕ್ಕೇ ನಮ್ಮ ಬೆಟ್ ಚಿಕ್ಕದು: ಸೋತವರು ಮುಂದಿನ ಮೂರು ತಿಂಗಳ ಪ್ರಶ್ನೆ ಬರೆಯಬೇಕು. ಒಳ್ಳೆಯ ಪ್ರಶ್ನೆ ಬರೆಯೋದು ಎಂಥ ತಲೆನೋವು ಅಂತ ನಿಮಗೇ ಗೊತ್ತಲ್ವಾ.

ಈ ವಿಧಾನ ಇನ್ನೂ ನಡೆಯದ ಜಾಗ ದೂರದ ಪ್ರಶ್ನೆಗಳು. ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ 20 ವರ್ಷದಲ್ಲಿ ಮಾಡುತ್ತದೆ ಅಂತ ಹರ್ಬರ್ಟ್ ಸೈಮನ್ 1965ರಲ್ಲಿ ಬರೆದರು. ಅಂಥದ್ದಕ್ಕೆ ನಂಬರ್ ಹಾಕಿದರೆ ತಾಳೆ ನೋಡುವ ಹೊತ್ತಿಗೆ ಕಲಿಯೋಕೆ ವಯಸ್ಸೇ ಉಳಿದಿರಲ್ಲ. ಸದ್ಯಕ್ಕೆ ಪ್ರತಿ ದೂರದ ಪ್ರಶ್ನೆಯ ಕೆಳಗೆ ಅದೇ ದಿಕ್ಕಿನ ಒಂದು ವರ್ಷದ ಪ್ರಶ್ನೆ ಇಡುತ್ತಿದ್ದೇನೆ. ಈ ಸಲದ್ದು: ತಂಡದಲ್ಲಿ ಯಾರಾದರೂ ಎಐ ಬರೆದ ವರದಿಯನ್ನು ಪೂರ್ತಿ ಓದದೇ ತಮ್ಮ ಹೆಸರಿನಲ್ಲಿ ಕಳಿಸುತ್ತಾರಾ? ನಾನು 70, ಗೆಳತಿ 20. ಓದಿಲ್ಲ ಅಂತ ಸಾಬೀತು ಮಾಡೋದು ಹೇಗೆ ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ. ಅದು ಆಗೋ ತನಕ ಆ ಸಾಲನ್ನು ಲೆಕ್ಕಕ್ಕೆ ಸೇರಿಸೋಕೆ ಅವಳು ಬಿಡುತ್ತಿಲ್ಲ.