ಒಂದೇ ಕಂಪ್ಯೂಟರಿನಲ್ಲಿ ಹಳೆ ವರ್ಡ್, ಹೊಸ ವರ್ಡ್: ನನ್ನ ಅನುಭವ

ನನ್ನ ಡಿಟಿಪಿ ಅಂಗಡಿಯ ಒಂದು ಕಂಪ್ಯೂಟರಿನಲ್ಲಿ ಯಾವುದೇ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಂಡ್ ಟು’ಗೆ ಹೋದರೆ ಎರಡು ಹೆಸರು ಕಾಣುತ್ತವೆ: ‘ಹಳೆ ವರ್ಡ್’, ‘ಹೊಸ ವರ್ಡ್’. ಹಳೆಯದು ಮೈಕ್ರೋಸಾಫ್ಟ್ ಆಫೀಸ್ 2003ರದು, ಹೊಸದು ಆಫೀಸ್ 2010ರದು. ಎರಡೂ ಒಂದೇ ಮೆಷಿನ್ನಿನಲ್ಲಿ ಒಂದರ ತಂಟೆಗೆ ಇನ್ನೊಂದು ಹೋಗದ ಹಾಗೆ ಕೂರಿಸಲು ನನಗೆ ಮೂರು ನಾಲ್ಕು ವಾರ ಹಿಡಿಯಿತು. ಅಷ್ಟು ಒದ್ದಾಡುವ ಬದಲು ಹಳೆಯದನ್ನು ತೆಗೆದು ಹಾಕಬಾರದಿತ್ತೇ ಎಂದು ಅನೇಕರು ಕೇಳಿದ್ದಾರೆ. ತೆಗೆಯಲು ಆಗುತ್ತಿರಲಿಲ್ಲ. ಯಾಕೆಂದು ಮೊದಲು ಹೇಳುತ್ತೇನೆ.

ನಾನು ಅಂಗಡಿ ತೆರೆದದ್ದು 2005ರಲ್ಲಿ, ತಿಪಟೂರಿನಲ್ಲಿ. ಕ್ರಯಪತ್ರ, ವಿಭಾಗಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ದೇವಸ್ಥಾನದ ಸ್ಮರಣ ಸಂಚಿಕೆ, ಮೇಷ್ಟ್ರುಗಳ ಪುಸ್ತಕ, ಹೀಗೆ ಬಂದದ್ದೆಲ್ಲ ಮಾಡುತ್ತಿದ್ದೆ. ಆಗ ನಾವೆಲ್ಲ ಟೈಪ್ ಮಾಡುತ್ತಿದ್ದದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟುಗಳಲ್ಲಿ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಫೈಲಿನ ಹೊಟ್ಟೆಯೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ‘ಕನ್ನಡ’ ಎಂಬ ಪದದ ಫಾಂಟ್ ಬದಲಿಸಿ ನೋಡಿ. ಮೊದಲು ದೊಡ್ಡ ‘ಪಿ’, ಆಮೇಲೆ ತಲೆಯ ಮೇಲೆ ಗೀಟಿರುವ ‘ಎ’, ನಂತರ ಬ್ರಿಟಿಷರ ಪೌಂಡ್ ಗುರುತು, ಹೀಗೆ ಸಾಲಾಗಿ ನಿಂತಿರುತ್ತವೆ. ಇಂಥ ಸಾವಿರಾರು ಫೈಲುಗಳು ನನ್ನ ಬಳಿ ಇವೆ. ಗಿರಾಕಿಗಳು ಹತ್ತು ವರ್ಷ ಬಿಟ್ಟು ಬಂದು ‘ಅಣ್ಣಾ, ನಮ್ಮಪ್ಪನ ಕಾಲದ ಪಾಲುಪಟ್ಟಿ ನಿಮ್ಮತ್ರನೇ ಟೈಪ್ ಮಾಡ್ಸಿದ್ದು, ಐತಾ?’ ಎಂದು ಕೇಳುತ್ತಾರೆ. ಇದೆ ಎಂದು ಹೇಳಬಲ್ಲೆ ಎನ್ನುವುದು ನನಗೆ ದೊಡ್ಡ ವಿಷಯ.

2007ರ ಆಫೀಸ್ ಬಂದ ಮೇಲೆ ಪೆನ್‌ಡ್ರೈವಿನಲ್ಲಿ ಆ ಆಫೀಸಿನ ಹೊಸ ಬಗೆಯ ‘ಡಾಕ್ಸ್’ ಫೈಲುಗಳು ಬರತೊಡಗಿದವು. ಸ್ವಲ್ಪ ಕಾಲ ಮೈಕ್ರೋಸಾಫ್ಟ್ ಪುಕ್ಕಟೆ ಕೊಡುತ್ತಿದ್ದ ಕಂಪ್ಯಾಟಿಬಿಲಿಟಿ ಪ್ಯಾಕ್ ಹಾಕಿಕೊಂಡು ಹಳೇ ವರ್ಡಿನಲ್ಲೇ ತೆರೆದೆ. ಸಾದಾ ಪತ್ರಗಳಿಗೆ ಅದು ಸಾಕಿತ್ತು. ಆದರೆ ಹೊಸದರಲ್ಲಿ ಬರೆದ ಗಣಿತದ ಸಮೀಕರಣಗಳು ಹಳೆಯದರಲ್ಲಿ ಬರೀ ಚಿತ್ರಗಳಾಗಿ ಬಿಡುತ್ತಿದ್ದವು, ತಿದ್ದಲು ಬರುತ್ತಿರಲಿಲ್ಲ. ಪ್ರಶ್ನೆಪತ್ರಿಕೆಯ ಕೆಲಸಕ್ಕೆ ಅದು ಆಗದ ಮಾತು. 2011ರಲ್ಲಿ ವಿಂಡೋಸ್ 7ರ ಹೊಸ ಕಂಪ್ಯೂಟರ್ ತಂದಾಗ ಆಫೀಸ್ 2010 ಕೊಂಡೆ.

ಹಳೆಯದನ್ನು ಬಿಡಬಾರದು ಎಂದು ಗಟ್ಟಿಯಾದದ್ದು ಒಂದು ಪುಸ್ತಕದಿಂದ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಚರಿತ್ರೆ ಬರೆದಿದ್ದರು. 212 ಪುಟ ಹಳೇ ವರ್ಡಿನಲ್ಲಿ ಜೋಡಿಸಿ ಮುಗಿಸಿದ್ದೆ, ಕೊನೆಯ ಪದಸೂಚಿಯನ್ನು ಪುಟಸಂಖ್ಯೆ ನೋಡಿ ನೋಡಿ ಕೈಯಲ್ಲೇ ಹೊಡೆದಿದ್ದೆ. ಎರಡನೇ ಮುದ್ರಣಕ್ಕೆ ಬಂದಾಗ ಅದನ್ನು ಹೊಸ ವರ್ಡಿನಲ್ಲಿ ತೆರೆದು, ಫೈಲ್ ಮೆನುವಿನಲ್ಲಿ ಕಂಡ ‘ಕನ್ವರ್ಟ್’ ಒತ್ತಿ ಉಳಿಸಿದೆ. 212 ಪುಟ 219 ಆಯಿತು. ಪದಸೂಚಿಯ ಒಂದು ಸಂಖ್ಯೆಯೂ ಸರಿ ಉಳಿಯಲಿಲ್ಲ. ಅದೃಷ್ಟಕ್ಕೆ ಮೂಲ ಫೈಲ್ ಸಿಡಿಯಲ್ಲಿತ್ತು. ಕನ್ವರ್ಟ್ ಒತ್ತದಿದ್ದರೆ ಹೊಸ ವರ್ಡ್ ಹಳೇ ಫೈಲನ್ನು ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ತೆರೆದು ಬಹುಮಟ್ಟಿಗೆ ಹಾಗೆಯೇ ಇಡುತ್ತದೆ, ಅದು ನಿಜ. ಆದರೆ ಪುಟ ಕಟ್ಟಿದ ಪುಸ್ತಕಕ್ಕೆ ‘ಬಹುಮಟ್ಟಿಗೆ’ ಎನ್ನುವುದು ಸಾಲದು. ಯಾವುದರಲ್ಲಿ ಕಟ್ಟಿದ್ದೋ ಅದರಲ್ಲೇ ತೆರೆಯಬೇಕು.

ಈಗ ಕೂರಿಸಿದ ಕತೆ. ಅವಸರದಲ್ಲಿ ನಾನು 2010ನ್ನು ಮೊದಲು ಹಾಕಿದೆ, ಆಮೇಲೆ 2003ರ ಸಿಡಿ ತೂರಿಸಿದೆ. ಇದು ತಲೆಕೆಳಗು. ಆಫೀಸಿನ ಎಷ್ಟೋ ಭಾಗಗಳು, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ನಮೂದುಗಳು ಎರಡಕ್ಕೂ ಹಂಚಿಕೆಯಲ್ಲಿರುತ್ತವೆ. ಹಳೆಯದು ಆಮೇಲೆ ಬಂದರೆ ಹೊಸದರ ಜಾಗದಲ್ಲಿ ತನ್ನದನ್ನು ಬರೆದು ಕೂರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಯಾವುದು ಯಾವುದರಲ್ಲಿ ತೆರೆಯುತ್ತದೆ ಎಂಬುದೇ ತಿಳಿಯದಾಯಿತು. ಎರಡನ್ನೂ ಪೂರ್ತಿ ತೆಗೆದು, ಮೊದಲು 2003, ಆಮೇಲೆ 2010 ಎಂದು ಹೊಸದಾಗಿ ಹಾಕಿದೆ. ಹಳೆಯದು ಮುಂದೆ, ಹೊಸದು ಹಿಂದೆ. ಈ ಕ್ರಮ ಎಂದೂ ಬದಲಾಗಬಾರದು.

2003 ಹಾಕುವಾಗ ‘ಕಸ್ಟಮ್ ಇನ್‌ಸ್ಟಾಲ್’ ಆರಿಸಿ ವರ್ಡ್, ಎಕ್ಸೆಲ್ ಎರಡಕ್ಕೆ ಮಾತ್ರ ಟಿಕ್ ಕೊಟ್ಟೆ. ಔಟ್‌ಲುಕ್ ಬೇಡವೇ ಬೇಡ. ಆ ಕಾಲದ ಆಫೀಸುಗಳಲ್ಲಿ ವರ್ಡು, ಎಕ್ಸೆಲ್ಲುಗಳು ಎರಡೆರಡು ಇರಬಹುದು, ಎರಡು ಔಟ್‌ಲುಕ್ ಜೊತೆಗಿರಲು ಬಿಡುವುದಿಲ್ಲ. ಬಳಸದ ಆಕ್ಸೆಸ್ಸನ್ನೂ ಬಿಟ್ಟೆ. ಆಮೇಲೆ 2010 ಹಾಕುವಾಗ ಅದು ಹಳೆಯದನ್ನು ಕಂಡು ‘ಅಪ್‌ಗ್ರೇಡ್’, ‘ಕಸ್ಟಮೈಸ್’ ಎಂಬ ಎರಡು ಬಟನ್ ತೋರಿಸುತ್ತದೆ. ಎಲ್ಲರ ಕೈ ಹೋಗುವುದು ಅಪ್‌ಗ್ರೇಡಿಗೆ. ಅದನ್ನು ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ. ಕಸ್ಟಮೈಸ್ ಒತ್ತಿ, ಅಪ್‌ಗ್ರೇಡ್ ಎಂಬ ಪುಟದಲ್ಲಿ ‘ಕೀಪ್ ಆಲ್ ಪ್ರೀವಿಯಸ್ ವರ್ಷನ್ಸ್’ ಆರಿಸಬೇಕು. ಇನ್ನೊಂದು ಮಾತು: 2010ರಿಂದ ಆಫೀಸು 32 ಬಿಟ್, 64 ಬಿಟ್ ಎಂದು ಎರಡು ಬಗೆಯಲ್ಲಿ ಬರುತ್ತದೆ. 2003 ಇರುವುದು 32 ಬಿಟ್ ಮಾತ್ರ. ಆದ್ದರಿಂದ ಹೊಸದನ್ನೂ 32 ಬಿಟ್ಟಿನದೇ ಹಾಕಬೇಕು, ವಿಂಡೋಸ್ 64 ಬಿಟ್ ಇದ್ದರೂ ಸರಿಯೇ.

ಎರಡೂ ಪ್ರತ್ಯೇಕ ಫೋಲ್ಡರಿನಲ್ಲಿ ಕೂರುತ್ತವೆ, ‘ಆಫೀಸ್11’ ಮತ್ತು ‘ಆಫೀಸ್14’. ಮೈಕ್ರೋಸಾಫ್ಟಿನ ಒಳಲೆಕ್ಕದಲ್ಲಿ 2003 ಎಂದರೆ 11, 2007 ಎಂದರೆ 12, 2010 ಎಂದರೆ 14. 13ನ್ನು ಬಿಟ್ಟೇ ಬಿಟ್ಟಿದ್ದಾರೆ. ಈ ಲೆಕ್ಕ ಗೊತ್ತಿರುವುದು ಒಳ್ಳೆಯದು, ಯಾಕೆಂದರೆ 2016, 2019, 2021 ಮೂರೂ 16ನೇ ನಂಬರಿನವೇ. ಆ ಮೂರರಲ್ಲಿ ಎರಡನ್ನು ಜೊತೆಗೆ ಹಾಕಬಹುದು ಎಂದುಕೊಂಡು ಹಣ ಹಾಕಬೇಡಿ.

ಇಷ್ಟಾದರೂ ಒಂದು ಪೀಡೆ ಉಳಿಯಿತು. ಹಳೇ ವರ್ಡ್ ಮುಚ್ಚಿ ಹೊಸದನ್ನು ತೆರೆದರೆ ‘ಕಾನ್ಫಿಗರಿಂಗ್’ ಎಂಬ ಕಿಟಕಿ ಬಂದು ಹಸಿರು ಪಟ್ಟಿ ನಿಧಾನವಾಗಿ ತೆವಳುತ್ತದೆ. ಮತ್ತೆ ಹಳೆಯದಕ್ಕೆ ಹೋದರೆ ಮತ್ತೆ ಅದೇ. ಪ್ರತಿ ವರ್ಡೂ ತೆರೆದ ಕೂಡಲೇ ‘ಡಾಕ್ ಫೈಲುಗಳ ಯಜಮಾನ ನಾನೇ’ ಎಂದು ರಿಜಿಸ್ಟ್ರಿಯಲ್ಲಿ ಬರೆಯುತ್ತದೆ, ಇನ್ನೊಂದು ಅದನ್ನು ಅಳಿಸಿ ತನ್ನ ಹೆಸರು ಬರೆಯುತ್ತದೆ. ಎದುರಿಗೆ ಪತ್ರದ ರಿಜಿಸ್ಟ್ರೇಷನ್ನಿಗೆ ಹೊತ್ತಾಯಿತು ಎಂದು ಗಿರಾಕಿ ನಿಂತಿರುವಾಗ ಈ ಪಟ್ಟಿ ಮುಗಿಯುವುದನ್ನು ಕಾಯುವುದು ತುಂಬ ಕಷ್ಟ.

ಇದಕ್ಕೆ ಪರಿಹಾರ ಇದೆ, ಗಟ್ಟಿಯಾದದ್ದೇ ಇದೆ. ಮೊದಲು ಯಜಮಾನಿಕೆ ಯಾರಿಗೆ ಎಂದು ನಾವೇ ತೀರ್ಮಾನ ಮಾಡಬೇಕು. ನಾನು ಹೊಸದಕ್ಕೆ ಕೊಟ್ಟೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಫೀಸ್14ರೊಳಗಿನ ವಿನ್‌ವರ್ಡ್ ಎಂಬ ವರ್ಡಿನ ಮೂಲ ಫೈಲಿನ ಪೂರ್ತಿ ದಾರಿಯನ್ನು ಡಬಲ್ ಕೊಟೇಷನ್ನಿನೊಳಗೆ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಷ್ ಮತ್ತು ‘ಆರ್’ ಹೊಡೆದೆ. ವರ್ಡ್ ತನ್ನ ಹೆಸರನ್ನು ಹೊಸದಾಗಿ ನೋಂದಾಯಿಸಿಕೊಂಡು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದು ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 11.0, ವರ್ಡ್, ಆಪ್ಷನ್ಸ್ ಎಂದು ಒಂದೊಂದೇ ಮೆಟ್ಟಿಲು ಇಳಿದೆ. ಅಲ್ಲಿ ಹೊಸದೊಂದು ಡಿವರ್ಡ್ (ಸಂಖ್ಯೆ ತುಂಬುವ ನಮೂದು) ಮಾಡಿ ‘ನೋರೀರೆಗ್’ ಎಂದು ಹೆಸರಿಟ್ಟು ಬೆಲೆ 1 ಕೊಟ್ಟೆ. ಇಂಗ್ಲಿಷಿನಲ್ಲಿ ಅದು ‘ನೋ’, ‘ರೀ’, ‘ರೆಗ್’ ಮೂರನ್ನೂ ಜಾಗ ಬಿಡದೆ ಕೂಡಿಸಿದ್ದು, ಮತ್ತೆ ನೋಂದಾಯಿಸಬೇಡ ಎಂದು ಅರ್ಥ. 14.0ರ ಅಡಿಯಲ್ಲೂ ಅದನ್ನೇ ಮಾಡಿದೆ. ಆ ಹಸಿರು ಪಟ್ಟಿಯನ್ನು ಅಂದಿನಿಂದ ನಾನು ನೋಡಿಲ್ಲ. ರೆಜ್‌ಎಡಿಟ್ ಮುಟ್ಟುವ ಮುಂಚೆ ಅದರ ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್’ನಿಂದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ನೋರೀರೆಗ್ ಇಡುವುದು ಕಂಪ್ಯೂಟರಿನ ಪ್ರತಿ ಬಳಕೆದಾರನಿಗೂ ಬೇರೆ ಬೇರೆ ಮಾಡಬೇಕಾದ ಕೆಲಸ.

ಡಬಲ್ ಕ್ಲಿಕ್ ಹೊಸದರ ಪಾಲಾದ ಮೇಲೆ ಹಳೇ ಫೈಲಿಗೆ ದಾರಿ ಬೇಕಲ್ಲ. ಅದಕ್ಕೇ ‘ಸೆಂಡ್ ಟು’. ವಿಂಡೋಸ್ ಕೀ ಜೊತೆ ಆರ್ ಒತ್ತಿದಾಗ ಬರುವ ಕಿಟಕಿಯಲ್ಲಿ ‘ಶೆಲ್’, ಕೋಲನ್, ‘ಸೆಂಡ್‌ಟು’ ಎಂದು ಹೊಡೆದರೆ ಆ ಫೋಲ್ಡರ್ ತೆರೆಯುತ್ತದೆ. ಎರಡು ವರ್ಡುಗಳ ಶಾರ್ಟ್‌ಕಟ್ಟುಗಳನ್ನು ಅಲ್ಲಿಟ್ಟು ಕನ್ನಡದಲ್ಲೇ ಹೆಸರು ಬರೆದೆ. ಇಡೀ ಏರ್ಪಾಡಿನಲ್ಲಿ ನನಗೆ ಅತ್ಯಂತ ಪ್ರೀತಿಯದು ಇದೇ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಗೂ ಒಂದು ನಿಮಿಷದಲ್ಲಿ ಹೇಳಿಕೊಡಬಹುದು.

ಆ ಹುಡುಗಿಯೇ ಒಂದು ದಿನ ‘ಅಣ್ಣ, ನಾನು ಜನ ಅಂತ ಹೊಡೀತೀನಿ, ಆನ ಅಂತ ಬರ್ತದೆ’ ಎಂದಳು. ಪಕ್ಕ ಕೂತು ನೋಡಿದೆ. ವಾಕ್ಯದ ನಡುವೆ ‘ಜನ’ ಸರಿಯಾಗಿತ್ತು. ಪೂರ್ಣವಿರಾಮದ ನಂತರ ಬಂದ ‘ಜನ’ ಮಾತ್ರ, ಸ್ಪೇಸ್ ಒತ್ತಿದ ಕ್ಷಣಕ್ಕೆ ‘ಆನ’ ಆಗುತ್ತಿತ್ತು. ನುಡಿಯ ಹಳೇ ಫಾಂಟಿನಲ್ಲಿ ‘ಜ’ ಎಂದರೆ ಇಂಗ್ಲಿಷಿನ ಸಣ್ಣ ‘ಡಿ’, ‘ಆ’ ಎಂದರೆ ದೊಡ್ಡ ‘ಡಿ’. ವಾಕ್ಯದ ಮೊದಲಕ್ಷರ ದೊಡ್ಡದಿರಬೇಕು ಎಂಬ ಇಂಗ್ಲಿಷಿನ ನಿಯಮವನ್ನು ವರ್ಡಿನ ತಾನೇ ತಿದ್ದುವ ‘ಆಟೋಕರೆಕ್ಟ್’ ಪಾಲಿಸುತ್ತಿತ್ತು. ಹಾಗೆಯೇ ‘ಟಿಪ್ಪು’ ಎಂದು ವಾಕ್ಯ ಶುರು ಮಾಡಿದರೆ ‘ಟಿ’ ಹೋಗಿ ‘ಓ’ ಬರುತ್ತದೆ. ಹಳೇ ವರ್ಡಿನಲ್ಲಿ ಈ ಆಯ್ಕೆಯನ್ನು ಎಂದೋ ತೆಗೆದಿದ್ದರಿಂದ ನನಗೆ ಮರೆತೇ ಹೋಗಿತ್ತು. ಹೊಸದರಲ್ಲೂ ಆಟೋಕರೆಕ್ಟಿಗೆ ಹೋಗಿ ‘ಕ್ಯಾಪಿಟಲೈಸ್ ಫಸ್ಟ್ ಲೆಟರ್ ಆಫ್ ಸೆಂಟೆನ್ಸಸ್’ ಟಿಕ್ ತೆಗೆದೆ. ಸ್ಮಾರ್ಟ್ ಕೊಟೇಷನ್ನಿನ ಟಿಕ್ಕನ್ನೂ ಜೊತೆಗೇ ತೆಗೆದೆ. ಪಾಲುಪಟ್ಟಿಯಲ್ಲಿ ಒಂದು ಹೆಸರಿನ ಮೊದಲಕ್ಷರ ಬದಲಾದರೆ ಏನಾಗುತ್ತದೆ ಎಂದು ಪತ್ರ ಬರೆಯುವವರಿಗೆ ಹೇಳಬೇಕಾಗಿಲ್ಲ.

ಎರಡಕ್ಕೂ ಹಂಚಿಕೆಯಾಗುವ ಇನ್ನೊಂದು ಜಾಗ ವರ್ಡಿನ ‘ಸ್ಟಾರ್ಟಪ್’ ಫೋಲ್ಡರ್. ಹಳೇ ವರ್ಡಿಗೆಂದು ಅಲ್ಲಿಟ್ಟ ಮ್ಯಾಕ್ರೋ (ವರ್ಡಿನೊಳಗೆ ಕೆಲಸ ತಾನೇ ಮಾಡುವ ಚಿಕ್ಕ ಪ್ರೋಗ್ರಾಂ) ಟೆಂಪ್ಲೇಟ್ ಹೊಸದರಲ್ಲೂ ತೆರೆದುಕೊಳ್ಳುತ್ತದೆ. ನನ್ನದನ್ನು ಅಲ್ಲಿಂದ ಎತ್ತಿ ಬೇರೆಡೆ ಇಟ್ಟು, ಬೇಕಾದಾಗ ಹಳೆಯದರಲ್ಲಿ ಕೈಯಾರೆ ಸೇರಿಸಿಕೊಳ್ಳುತ್ತೇನೆ. ಹೊಸ ಖಾಲಿ ಪುಟಕ್ಕೆ ಅಚ್ಚಾಗಿರುವ ನಾರ್ಮಲ್ ಟೆಂಪ್ಲೇಟಿನ ಚಿಂತೆ ಇಲ್ಲ, ಎರಡರದ್ದೂ ಬೇರೆ ಬೇರೆ ಫೈಲು. ಹೊಸದರ ನಾರ್ಮಲ್ಲಿನಲ್ಲಿ ಮಾತ್ರ ಸಾಲುಗಳ ಅಂತರ 1.15, ಪ್ಯಾರಾ ಮುಗಿದ ಮೇಲೆ 10 ಪಾಯಿಂಟ್ ಜಾಗ ಇರುತ್ತದೆ. ಪತ್ರಕ್ಕೆ ಅದು ಹಿಗ್ಗಿದ ಹಾಗೆ ಕಾಣುತ್ತದೆ, ಅಂತರವನ್ನು ಒಂದು, ಜಾಗವನ್ನು ಸೊನ್ನೆ ಮಾಡಿಟ್ಟುಕೊಂಡೆ.

ಆಫೀಸ್ 2003ಕ್ಕೆ ಭದ್ರತೆಯ ಅಪ್‌ಡೇಟುಗಳು 2014ರ ಏಪ್ರಿಲ್ 8ಕ್ಕೇ ನಿಂತವು, 2010ಕ್ಕೆ 2020ರ ಅಕ್ಟೋಬರ್ 13ಕ್ಕೆ. ಹೊರಗಿನಿಂದ ಬಂದ ಫೈಲನ್ನು ಕಟ್ಟಿಹಾಕಿ ತೆರೆಯುವ ಪ್ರೊಟೆಕ್ಟೆಡ್ ವ್ಯೂ 2010ರಲ್ಲಿ ಬಂದದ್ದು, 2003ರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಗಿರಾಕಿಯ ಪೆನ್‌ಡ್ರೈವಿನ ಫೈಲನ್ನು ಹೊಸದು ಬಂದ ಮೇಲೆ ಹಳೇ ವರ್ಡಿಗೆ ಎಂದೂ ಕೊಟ್ಟಿಲ್ಲ. ವಿಂಡೋಸ್ 7ರ ಕಾಲವೂ 2020ರಲ್ಲಿ ಮುಗಿದಾಗ ಹೊರಗಿನ ಕೆಲಸಕ್ಕೆ ವಿಂಡೋಸ್ 10ರ ಬೇರೆ ಮೆಷಿನ್ ತಂದು, ಈ ಎರಡು ವರ್ಡಿನ ಕಂಪ್ಯೂಟರಿನ ಇಂಟರ್ನೆಟ್ ಕೇಬಲ್ ಕಿತ್ತೆ. ಮನೆಯ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿ, ಅದರೊಳಗೆ ವಿಂಡೋಸ್ ಎಕ್ಸ್‌ಪಿ, ಹಳೇ ಆಫೀಸ್, ನುಡಿ ಕೂರಿಸಿ, ನೆಟ್‌ವರ್ಕ್ ಅಡಾಪ್ಟರ್ ಬಂದ್ ಮಾಡಿದ್ದೇನೆ. ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ. ಎರಡು ಆಫೀಸುಗಳ ಜಗಳವೇ ಇರುವುದಿಲ್ಲ.

ಆದರೂ ಅಂಗಡಿಯ ಆ ಕಂಪ್ಯೂಟರಿಗೆ ಈಗಲೂ ದಿನಾ ಕೆಲಸವಿದೆ. ಹಳೇ ಪತ್ರಗಳನ್ನು ಒಂದೊಂದಾಗಿ ಯೂನಿಕೋಡಿಗೆ ತರುತ್ತಿದ್ದೇನೆ. ಪರಿವರ್ತಕಕ್ಕೆ ಹಾಕಿದರೆ ಕನ್ನಡವೆಲ್ಲ ಬಹುಪಾಲು ಸರಿಯಾಗಿಯೇ ಬರುತ್ತದೆ, ತೊಡಕು ನಡುವೆ ಬರುವ ಇಂಗ್ಲಿಷಿನದು. ಸರ್ವೆ ನಂಬರ್ 45/2ರ ಮುಂದೆ ಇಂಗ್ಲಿಷಿನ ದೊಡ್ಡ ‘ಎ’ ಇದ್ದರೆ ಅದು ಅನುಸ್ವಾರದ ಸೊನ್ನೆಯಾಗುತ್ತದೆ. ‘ಬಿ’ ಇದ್ದರೆ ವಿಸರ್ಗ. ಹಿಸ್ಸೆಯೇ ಮಾಯ. ಆದ್ದರಿಂದ ಮೂಲವನ್ನು ಹಳೇ ವರ್ಡಿನಲ್ಲಿ ತೆರೆದು ವಿಂಡೋಸ್ ಕೀ ಜೊತೆ ಎಡಬಾಣ ಒತ್ತುತ್ತೇನೆ, ಪರಿವರ್ತಿಸಿದ್ದನ್ನು ಹೊಸದರಲ್ಲಿ ತೆರೆದು ಬಲಬಾಣ. ಪರದೆಯ ಅರ್ಧಕ್ಕೆ ಅದು, ಅರ್ಧಕ್ಕೆ ಇದು. ಹುಡುಗಿ ಎಡಗಡೆಯದನ್ನು ಗಟ್ಟಿಯಾಗಿ ಓದುತ್ತಾಳೆ, ‘ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಕೆರೆ ಏರಿ, ಸರ್ವೆ ನಂಬರ್ ನಲವತ್ತೈದು ಬಾರ್ ಎರಡು ಎ’ ಎಂದು. ನಾನು ಬಲಗಡೆ ಆ ಸೊನ್ನೆಯನ್ನು ಅಳಿಸಿ ಎ ಹೊಡೆಯುತ್ತೇನೆ.