ಬಿಟಿ ಹತ್ತಿಯಲ್ಲಿ ಗುಲಾಬಿ ಹುಳ: ಬೀಜ ತರುವುದರಿಂದ ಕುರಿ ಬಿಡುವವರೆಗೆ

ನಮ್ಮ ಹಿತ್ತಲಲ್ಲಿ ಹತ್ತಿ ಕಟ್ಟಿಗೆಯ ಬಣವೆ ಇರುತ್ತಿತ್ತು, ಆಳೆತ್ತರ. ರೊಟ್ಟಿ ಒಲೆಗೆ ಅದರಂಥ ಉರುವಲು ಇನ್ನೊಂದಿಲ್ಲ. ಕಡ್ಡಿ ಗೀರಿದರೆ ಸಾಕು, ಹತ್ತಿಕೊಳ್ಳುತ್ತದೆ. ಒಂದು ಜೂನ್ ಸಂಜೆ ಕಟ್ಟಿಗೆ ಎಳೆಯುವಾಗ ಅರ್ಧ ಒಡೆದು ಒಣಗಿದ ಕಾಯಿಯೊಂದು ಕೈಗೆ ಸಿಕ್ಕಿತು. ಸುಮ್ನೆ ಬಿಡಿಸಿದೆ. ಒಳಗೆ ಎರಡು ಬೀಜ ಒಂದಕ್ಕೊಂದು ಅಂಟಿ ಜೋಡಿಯಾಗಿದ್ದವು. ಉಗುರಿನಿಂದ ಬಿಡಿಸಿದರೆ ನಡುವೆ ಹತ್ತಿ ಕಾಯಿ ಕೊರೆದು ತಿನ್ನುವ ಗುಲಾಬಿ ಬಣ್ಣದ ಹುಳ ಮುದುಡಿ ಮಲಗಿತ್ತು. ಸತ್ತಿರಲಿಲ್ಲ. ಬಣವೆಯಿಂದ ಹೊಲಕ್ಕೆ ಇನ್ನೂರು ಹೆಜ್ಜೆಯೂ ಇಲ್ಲ. ಮೂರು ವರ್ಷದಿಂದ ಬೀಜದವರನ್ನೂ ಔಷಧಿಯವರನ್ನೂ ಬೈಯುತ್ತಿದ್ದೆ. ಹುಳ ಸಾಕಿದ್ದು ನಾನೇ!

ಹಾವೇರಿ ಜಿಲ್ಲೆಯಲ್ಲಿ ನಮ್ಮದು ನಾಲ್ಕು ಎಕರೆ ಎರೆ ಹೊಲ. ಸುತ್ತಲಿನವರು ಗೋವಿನಜೋಳಕ್ಕೆ ಹೋದರು, ನಾನು ಎರಡು ಎಕರೆ ಹತ್ತಿ ಬಿಟ್ಟಿಲ್ಲ. ಆ ಬಣವೆಯ ನಂತರ ಏನೇನು ಬದಲಾಯಿಸಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಟಿ ಯಾವ ಹುಳಕ್ಕೆ, ಯಾವುದಕ್ಕಲ್ಲ

ಮಣ್ಣಿನಲ್ಲಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಇದೆ. ಬಿಟಿ ಅಂದರೆ ಅದೇ. ಅದರ ಜೀನ್ ಹತ್ತಿಗೆ ಸೇರಿಸಿದ್ದಾರೆ. ಹಾಗಾಗಿ ಗಿಡವೇ ಒಂದು ಪ್ರೊಟೀನ್ ತಯಾರಿಸುತ್ತದೆ. ಕಾಯಿಕೊರಕ ಹುಳ ಅದನ್ನು ತಿಂದರೆ ಕರುಳು ಹಾಳಾಗಿ, ಮೇವು ಬಿಟ್ಟು ಸಾಯುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಎರಡು ಜೀನ್ ಇರುವ ಬೋಲ್‌ಗಾರ್ಡ್ 2 ಬಂದಿದ್ದು 2006ರಲ್ಲಿ.

ಅದಕ್ಕೂ ಮೊದಲು, 1998ರಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಕಡೆ ಪ್ರಯೋಗಕ್ಕೆ ಹಾಕಿದ್ದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತ್ತು. ಆಗ ನಮ್ಮ ಮನೆಯಲ್ಲೂ ಜಗಳ. ಹಸಿರು ಶಾಲಿನ ಮಾವ ಸುಟ್ಟಿದ್ದೇ ಸರಿ ಅಂದರು. ವಾರಕ್ಕೊಮ್ಮೆ ಪಂಪು ಹೊತ್ತು ಕಾಯಿ ಕೊರೆಯುವ ಇನ್ನೊಂದು ಜಾತಿಯಾದ ಹಸಿರು ಹುಳಕ್ಕೆ ಔಷಧಿ ಹೊಡೆಯುತ್ತಿದ್ದ ನನ್ನ ಗಂಡ ಮಾತಾಡದೆ ಎದ್ದು ಹೋದರು. ಇಬ್ಬರ ಮಾತಿನಲ್ಲೂ ಹುರುಳಿತ್ತು ಅಂತ ಈಗ ಅನಿಸುತ್ತದೆ. ಬಿಟಿ ಬಂದ ಮೇಲೆ ಹಸಿರು ಹುಳದ ಕಾಟ ನಿಜಕ್ಕೂ ತಗ್ಗಿತು. ಗುಲಾಬಿ ಹುಳ ಮಾತ್ರ ತಿರುಗಿ ಬಿತ್ತು. ಗುಜರಾತಿನಲ್ಲಿ ಮೊದಲ ಬಿಟಿಯನ್ನು 2010ರ ಹೊತ್ತಿಗೆ, ಬೋಲ್‌ಗಾರ್ಡ್ 2 ಅನ್ನು 2015ರ ಹೊತ್ತಿಗೆ ಅರಗಿಸಿಕೊಂಡಿತು. ಆಮೇಲೆ ನಮ್ಮ ಕಡೆಗೂ ಬಂತು.

ಇನ್ನು ಜಿಗಿಹುಳ, ಹೇನು, ಬಿಳಿನೊಣ, ಥ್ರಿಪ್ಸ್‌ನಂಥ ರಸ ಹೀರುವ ಕೀಟಗಳಿಗೆ ಬಿಟಿ ಏನೂ ಮಾಡುವುದಿಲ್ಲ. 'ಬಿಟಿ ಹಾಕಿದೀನಿ, ಆದ್ರೂ ಎಲೆ ಮುದುರ್ತಿದೆ' ಅಂತ ಬೇಸರ ಮಾಡಿಕೊಳ್ಳಬೇಡಿ. ಅದು ಅದರ ಕೆಲಸವೇ ಅಲ್ಲ.

ಬೀಜ

ಪ್ಯಾಕೆಟ್ 475 ಗ್ರಾಂ. ಬೋಲ್‌ಗಾರ್ಡ್ 2 ಬೀಜಕ್ಕೆ 2025ರಲ್ಲಿ ಕೇಂದ್ರ ಸರ್ಕಾರ ಇಟ್ಟ ಗರಿಷ್ಠ ಬೆಲೆ 901 ರೂಪಾಯಿ. ನೀವು ಕೊಳ್ಳುವ ವರ್ಷದ ಗರಿಷ್ಠ ಬೆಲೆಗಿಂತ ಜಾಸ್ತಿ ಕೇಳಿದರೆ ಅಂಗಡಿ ಬದಲಿಸಿ. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಸಿಕೊಳ್ಳಿ. ಖಾಲಿ ಪ್ಯಾಕೆಟ್ಟನ್ನೂ ಬಿಲ್ಲನ್ನೂ ಹತ್ತಿ ಮಾರುವವರೆಗೆ ಇಟ್ಟುಕೊಳ್ಳಿ. ನಾನು ದೇವರ ಗೂಡಿನ ಹಿಂದೆ ಸಿಕ್ಕಿಸುತ್ತೇನೆ, ಅಲ್ಲಿಂದ ಯಾರೂ ತೆಗೆಯುವುದಿಲ್ಲ.

ಒಮ್ಮೆ ಬೈಕಿನಲ್ಲಿ ಬಂದವನೊಬ್ಬ 'ಈ ಹತ್ತಿಗೆ ಕಳೆ ಔಷಧಿ ಹೊಡೆದ್ರೂ ಸಾಯಲ್ಲ, ಕಳೆ ಕೂಲಿ ಉಳೀತು ಅಂದ್ಕೊಳ್ಳಿ' ಅಂದ. ಕಳೆ ತೆಗೆಯಲು ಆಳು ಸಿಗದ ವರ್ಷ ಅದು. ಎರಡು ಪ್ಯಾಕೆಟ್ ತಗೊಂಡೆ. ಅರ್ಧ ಹುಟ್ಟಲೇ ಇಲ್ಲ. ಬಿಲ್ಲಿಲ್ಲ, ಅವನ ಫೋನ್ ಬಂದ್. ಕಳೆನಾಶಕ ತಡೆದುಕೊಳ್ಳುವ ಆ ಹತ್ತಿಗೆ ನಮ್ಮಲ್ಲಿ ಒಪ್ಪಿಗೆಯೇ ಇಲ್ಲ. ದೂರು ಕೊಡಲು ಹೋದರೆ ಮೊದಲ ಪ್ರಶ್ನೆ ನಮಗೇ ಬರುತ್ತದೆ.

ಬಿತ್ತುವ ವಾರ ಮೊದಲು 20 ಬೀಜ ಒದ್ದೆ ಗೋಣಿಯಲ್ಲಿ ಸುತ್ತಿಡಿ. 15 ಮೊಳೆತರೆ ಸರಿ, ಹೈಬ್ರಿಡ್ ಹತ್ತಿಗೆ ಶೇ 75 ಮೊಳಕೆ ಬರಲೇಬೇಕು. ಬೀಜಕ್ಕೆ ಔಷಧಿ ಸವರಿರುತ್ತದೆ, ಆ ಗೋಣಿ ಚೂರನ್ನು ಮತ್ತೆ ಮನೆಗೆ ಬಳಸಬೇಡಿ.

ಹೋದ ವರ್ಷದ ಹತ್ತಿಯಿಂದ ಬೀಜ ತೆಗೆದಿಟ್ಟು ಬಿತ್ತುವ ಆಸೆ ಬೇಡ. ಹೈಬ್ರಿಡ್ ಬೀಜದ ಮಕ್ಕಳು ಒಂದೇ ತರ ಇರುವುದಿಲ್ಲ. ಒಂದು ಗಿಡ ಎದೆಯೆತ್ತರ, ಪಕ್ಕದ್ದು ಮೊಣಕಾಲೆತ್ತರ. ಕೆಲವಕ್ಕೆ ಬಿಟಿ ಬಂದಿರುತ್ತದೆ, ಕೆಲವಕ್ಕೆ ಇಲ್ಲ.

ಮೊದಲು ದೊಡ್ಡ ಪ್ಯಾಕೆಟ್ ಜೊತೆ 120 ಗ್ರಾಂನ ಚಿಕ್ಕದೊಂದು ಬರುತ್ತಿತ್ತು, ನೆನಪಿದೆಯಾ? ಅದು ಬಿಟಿ ಇಲ್ಲದ ಬೀಜ, ಹೊಲದ ಸುತ್ತ ಬಿತ್ತಬೇಕಿತ್ತು. ಹುಳಕ್ಕೆ ಯಾಕೆ ಊಟ ಹಾಕಬೇಕು ಅಂತ ನಾವೆಲ್ಲ ಅದನ್ನು ಬದುವಿಗೆ ಎಸೆದೆವು. ಅದರ ಲೆಕ್ಕ ಬೇರೆಯೇ ಇತ್ತು. ಬಿಟಿ ತಿಂದೂ ಬದುಕುವ ಹುಳ ಅಪರೂಪಕ್ಕೊಂದು ಇರುತ್ತದೆ. ಅದರ ಪತಂಗಕ್ಕೆ ಸಾದಾ ಗಿಡದಲ್ಲಿ ಬೆಳೆದ ಪತಂಗ ಜೋಡಿಯಾದರೆ, ಮರಿಗಳು ಮತ್ತೆ ಬಿಟಿಗೆ ಸಾಯುತ್ತವೆ. ಸಾದಾ ಗಿಡವೇ ಇಲ್ಲದಿದ್ದರೆ ಗಟ್ಟಿ ಹುಳಕ್ಕೆ ಗಟ್ಟಿ ಹುಳವೇ ಜೋಡಿ. ಈಗ ಆ ಬೀಜವನ್ನು ಪ್ಯಾಕೆಟ್ಟಿನೊಳಗೇ ಬೆರೆಸಿ ಕೊಡುತ್ತಾರೆ, ನಾವು ಎಸೆಯುವ ಹಾಗಿಲ್ಲ. ಸುತ್ತ ತೊಗರಿ ಹಾಕಿದರೆ ಹಸಿರು ಹುಳದ ಮಟ್ಟಿಗೆ ಈ ಲೆಕ್ಕ ಸರಿಹೋಗುತ್ತದೆ. ಗುಲಾಬಿ ಹುಳ ತೊಗರಿ ಮೂಸುವುದೂ ಇಲ್ಲ.

ಬಿತ್ತನೆ

150-160 ದಿನಕ್ಕೆ ಮುಗಿಯುವ ತಳಿ ಕೇಳಿ ತನ್ನಿ. ಬೋರ್ ಇದೆ ಅಂತ ಮೇ ತಿಂಗಳಲ್ಲೇ ಬಿತ್ತಬೇಡಿ. ಮೊದಲ ಮಳೆಗೆ ಹಳೆ ಕಾಯಿ, ಹಳೆ ಬೀಜದೊಳಗಿಂದ ಪತಂಗ ಏಳುತ್ತವೆ. ಹೊಲದಲ್ಲಿ ಮೊಗ್ಗಿಲ್ಲದಿದ್ದರೆ ಮರಿಗೆ ತಿನ್ನಲು ಏನೂ ಸಿಗದೆ ಆ ಸಂತಾನ ಅಲ್ಲಿಗೇ ಮುಗಿಯುತ್ತದೆ. ನಾನು ಮೃಗಶಿರ ಮಳೆ ಚೆನ್ನಾಗಿ ಬಿದ್ದ ಮೇಲೆ ಬಿತ್ತುತ್ತೇನೆ. ಸಾಲಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ.

45 ದಿನದ ನಂತರ ದಿನಾ ಹೊಲಕ್ಕೆ

ಮೊಗ್ಗು ಕಾಣಿಸಿದ ಕೂಡಲೇ ಎಕರೆಗೆ ಎರಡು ಮೋಹಕ ಬಲೆ ಕಟ್ಟಿ, ಅಂದರೆ ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಸೆಳೆಯುವ ಬಲೆ. ಗಿಡದ ತುದಿಗಿಂತ ಒಂದು ಅಡಿ ಮೇಲಿರಲಿ, ಗಿಡ ಬೆಳೆದಂತೆ ಬಲೆಯನ್ನೂ ಏರಿಸಿ. ಒಳಗಿನ ಲೂರ್, ಅಂದರೆ ಆ ವಾಸನೆಯ ಗುಳಿಗೆ, ಗುಲಾಬಿ ಕಾಯಿಕೊರಕದ್ದೇ ಅಂತ ಹೆಸರು ಓದಿ ತನ್ನಿ. ಮೂರು-ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಮೊದಲ ವರ್ಷ ನಾನು ಬದಲಿಸಲೇ ಇಲ್ಲ. ಬಲೆ ಖಾಲಿ ನೋಡಿ ಖುಷಿಪಟ್ಟೆ!

ದಿನಾ ಬೆಳಿಗ್ಗೆ ಬಿದ್ದ ಪತಂಗ ಎಣಿಸಿ, ಚೆಲ್ಲಿ. ಮೂರು ರಾತ್ರಿ ಸತತವಾಗಿ ಒಂದೊಂದು ಬಲೆಯಲ್ಲಿ ಎಂಟು ಬಿದ್ದರೆ ಔಷಧಿಯ ಹೊತ್ತು ಬಂತು ಅಂತ. ಕ್ಯಾಲೆಂಡರಿನಲ್ಲಿ ಬರೆದಿಡಿ, ಮನಸ್ಸಿನ ಲೆಕ್ಕ ಮೋಸ ಮಾಡುತ್ತದೆ.

ಹೂವನ್ನೂ ನೋಡಿ. ಒಳ್ಳೆ ಹೂ ಬೆಳಿಗ್ಗೆ ಪೂರ್ತಿ ಅರಳಿರುತ್ತದೆ. ಹುಳ ಹೊಕ್ಕ ಹೂವಿನ ಎಸಳನ್ನು ಅದು ಒಳಗಿಂದ ನೂಲು ಹಾಕಿ ಹೊಲಿದಿರುತ್ತದೆ, ಅರೆಬಿರಿದ ಗುಲಾಬಿ ಹಾಗೆ ಕಾಣುತ್ತದೆ. ಚೆಂದ ಇದೆ ಅಂತ ಬಿಡಬೇಡಿ, ಕಿತ್ತು ಹಿಸುಕಿ. ನಾನು ಸೀರೆ ಸೆರಗು ಕಟ್ಟಿಕೊಂಡು ಅದರಲ್ಲೇ ತುಂಬಿ, ಬದುವಿನಲ್ಲಿ ಸುಡುತ್ತೇನೆ.

ಕಾಯಿ ವಿಷಯ ಇನ್ನೂ ಕಷ್ಟ. ಮರಿ ಹುಳ ಒಳಹೊಕ್ಕ ತೂತು ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಹಸಿರಾಗಿ, ನುಣ್ಣಗೆ, ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ. ಹಾಗಾಗಿ ಒಡೆದೇ ನೋಡಬೇಕು. ವಾರಕ್ಕೊಮ್ಮೆ ಎಕರೆಯಲ್ಲಿ ಅಡ್ಡಾದಿಡ್ಡಿ ನಡೆದು, 20 ಗಿಡದಿಂದ ಎಳೆಯ ಹಸಿರು ಕಾಯಿ ಒಂದೊಂದು ಕಿತ್ತು ಹೆಬ್ಬೆರಳಿನಿಂದ ಒಡೆಯಿರಿ. ಸಿಪ್ಪೆಯ ಒಳಮೈಯಲ್ಲಿ ಸಣ್ಣ ಗಂಟು, ಗೆರೆ ಇದೆಯಾ ನೋಡಿ. ಮರಿ ಇದ್ದಾಗ ಹುಳ ಬಿಳಿ, ಗುಲಾಬಿ ಬಣ್ಣ ಬರುವುದು ದೊಡ್ಡದಾದ ಮೇಲೆ. 'ಗುಲಾಬಿ ಹುಳ ಎಲ್ಲೂ ಕಾಣ್ಲಿಲ್ಲ' ಅನ್ನುವವರು ಬಿಳಿಯದನ್ನು ಬಿಟ್ಟಿರುತ್ತಾರೆ. ಇಪ್ಪತ್ತರಲ್ಲಿ ಎರಡು ಕಾಯಿಯಲ್ಲಿ ಹುಳ ಸಿಕ್ಕರೆ ತಡ ಮಾಡಬೇಡಿ. 20 ಕಾಯಿ ಹಾಳಾಯಿತಲ್ಲ ಅಂತ ನನ್ನ ಗಂಡ ಈಗಲೂ ಗೊಣಗುತ್ತಾರೆ.

ಔಷಧಿ

ಮೊದಲು ಬೇವು. ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ನೂರು ಲೀಟರಿಗೆ 5 ಕಿಲೋ, ಅಂದರೆ 16 ಲೀಟರ್ ಪಂಪಿಗೆ 800 ಗ್ರಾಂ. ಚೂರು ಸೋಪಿನ ನೀರು ಸೇರಿಸಿದರೆ ಎಲೆಗೆ ಹಿಡಿಯುತ್ತದೆ. ಹೂ ಶುರುವಾಗುವಾಗಲೇ ಹೊಡೆಯಿರಿ. ಕಾಯಿಯೊಳಗೆ ಹೊಕ್ಕ ಹುಳಕ್ಕೆ ಬೇವೇನು, ಯಾವ ಔಷಧಿಯೂ ಸರಿಯಾಗಿ ಮುಟ್ಟುವುದಿಲ್ಲ.

ರಾಸಾಯನಿಕಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅಂಗಡಿಯವರ 'ಮೂರೂ ಸೇರ್ಸಿ ಹೊಡೀರಿ' ಮಾತು ಕೇಳಬೇಡಿ. ಪೈರೆಥ್ರಾಯ್ಡ್ ಜಾತಿಯ ಔಷಧಿ ಬೇಗನೆ ಹೊಡೆದರೆ ಬಿಳಿನೊಣ ಮುಗಿಬೀಳುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಎಲೆ ಕೆಂಪಾಗುವುದು ಗುಲಾಬಿ ಹುಳದಿಂದಲ್ಲ. ಮೆಗ್ನೀಸಿಯಂ ಕೊರತೆಯಿಂದ ಆಗಿದ್ದರೆ ಲೀಟರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹೊಡೆಯಿರಿ.

ಡಿಸೆಂಬರಿಗೆ ಮುಗಿಸಿ

ಇದನ್ನೊಂದು ಮಾಡಿದರೆ ಮೇಲಿನದರಲ್ಲಿ ಅರ್ಧ ತಪ್ಪಿದರೂ ನಡೆಯುತ್ತದೆ. ರೇಟು ಏರಿದೆ, ಎರಡು ನೀರು ಕೊಟ್ಟರೆ ಫೆಬ್ರವರಿಯಲ್ಲಿ ಇನ್ನೊಂದು ಬಿಡಿಸಾಟ ಸಿಗುತ್ತದೆ ಅನಿಸುತ್ತದೆ. ನಾನೂ ಹಾಗೆ ಮಾಡಿದ್ದೆ. ಸಿಕ್ಕಿದ್ದೆಲ್ಲ ಹಳದಿ ಕಲೆಯ ಕೆಟ್ಟರಳೆ, ಬಿಡಿಸಿದ ಕೂಲಿಗೂ ಸಾಲಲಿಲ್ಲ. ಚಳಿಗಾಲದ ಆ ಕಾಯಿಗಳಲ್ಲೇ ಹುಳ ಜೋಡಿ ಬೀಜದೊಳಗೆ ನಿದ್ದೆಗೆ ಹೋಗುವುದು.

ಈಗ ಡಿಸೆಂಬರ್ ಕೊನೆಗೆ ನಮ್ಮ ಹೊಲಕ್ಕೆ ಕುರಿ ಬರುತ್ತವೆ. ಔಷಧಿ ಹೊಡೆದು ವಾರಗಟ್ಟಲೆ ಆಗಿರಬೇಕು, ಅದನ್ನು ಕುರಿಯವರಿಗೆ ಮೊದಲೇ ನಿಜ ಹೇಳಿಬಿಡಿ. ಎಲೆ, ಉಳಿದ ಹಸಿರು ಕಾಯಿ, ಒಳಗಿನ ಹುಳ ಎಲ್ಲವನ್ನೂ ಮೇಯುತ್ತವೆ. ಎರಡು ರಾತ್ರಿ ಅಲ್ಲೇ ತರುಬುತ್ತಾರೆ, ಗೊಬ್ಬರವೂ ಆಯಿತು. ಕುರಿ ಹೋದ ಮೇಲೆ ಗಿಡವನ್ನು ಬುಡಸಮೇತ ಕೀಳಿಸಿ, ಟ್ರ್ಯಾಕ್ಟರಿನ ಯಂತ್ರದಲ್ಲಿ ಪುಡಿ ಮಾಡಿಸುತ್ತೇನೆ. ಹಿತ್ತಲಿಗೆ ಒಂದು ಹೊರೆಯೂ ಬರುವುದಿಲ್ಲ. ಅತ್ತೆಗೆ ಮಾತ್ರ ಇನ್ನೂ ಸಿಟ್ಟು, ಗ್ಯಾಸಿನ ಮೇಲೆ ರೊಟ್ಟಿ ಉಬ್ಬುವುದಿಲ್ಲವಂತೆ.