ಕ್ಲಿಕ್ ವ್ಯಂಜನಗಳನ್ನು ಉಚ್ಚರಿಸುವ ಕ್ರಮ: ಕವರ್ಗದಿಂದ ಒಂದು ದಾರಿ

ಕೆಟ್ಟ ಸುದ್ದಿ ಕೇಳಿದಾಗ ಶಿರಸಿ ಸೀಮೆಯ ಜಗುಲಿಗಳಲ್ಲಿ ಹಿರಿಯರು ಲೊಚಗುಟ್ಟುವ ಸದ್ದು, ಎತ್ತನ್ನು ಮುಂದೆ ನಡೆಸಲು ಕೆನ್ನೆಯ ಬದಿಯಿಂದ ಹೊರಡಿಸುವ ಸದ್ದು, ಇವೆರಡೂ ದಕ್ಷಿಣ ಆಫ್ರಿಕಾದ ಜೂಲೂ ಮತ್ತು ಖೋಸಾ ಭಾಷೆಗಳಲ್ಲಿ ಪೂರ್ಣ ವ್ಯಂಜನಗಳು; ಇವನ್ನೇ ಕ್ಲಿಕ್ ಎನ್ನುವುದು. ಆದ್ದರಿಂದ ನಾವು ಕಲಿಯಬೇಕಾದದ್ದು ಸದ್ದನ್ನಲ್ಲ, ಅದನ್ನು ಪದದೊಳಗೆ ಸ್ವರದೊಡನೆ ಕೂಡಿಸುವುದನ್ನು.

ನಾಲಗೆಯ ಹಿಂಭಾಗವನ್ನು ‘ಕ’ ಹೇಳುವಾಗಿನಂತೆ ಮೃದುತಾಲುವಿಗೆ (ಅಂಗುಳಿನ ಹಿಂದಿನ ಮೆತ್ತನೆಯ ಭಾಗಕ್ಕೆ) ಒತ್ತಿ, ಮುಂಭಾಗವನ್ನೂ ಮೇಲೆ ಒತ್ತಿಹಿಡಿಯಿರಿ. ನಾಲಗೆಯ ನಡುಭಾಗವನ್ನು ತುಸು ಕೆಳಗಿಳಿಸಿದರೆ ನಡುವೆ ಸಿಕ್ಕ ಗಾಳಿಯ ಒತ್ತಡ ಕುಗ್ಗುತ್ತದೆ. ಆಗ ಮುಂದಿನ ತಡೆಯನ್ನು ಬಿಟ್ಟೊಡನೆ ಹೊರಗಾಳಿ ಒಳನುಗ್ಗಿ ಸದ್ದಾಗುತ್ತದೆ. ತಡೆಯನ್ನು ಹಲ್ಲಿನ ಹಿಂದೆ ಬಿಟ್ಟರೆ ಜೂಲೂ ಬರಹದಲ್ಲಿ ರೋಮನ್ ಅಕ್ಷರ ‘ಸಿ’ (c) ಸೂಚಿಸುವ ಕ್ಲಿಕ್, ವಸಡಿನ ಹಿಂದಿನ ಏರಿನಿಂದ ತುದಿಯನ್ನು ಥಟ್ಟನೆ ಕೆಳಗೆಳೆದರೆ ‘ಕ್ಯೂ’ (q), ನಾಲಗೆಯ ಬದಿಯನ್ನು ಬಿಟ್ಟರೆ ‘ಎಕ್ಸ್’ (x). ಮೂರರಲ್ಲಿ ‘ಕ್ಯೂ’ ಸದ್ದು ಬಿರಡೆ ಕಿತ್ತಂತೆ ಗಟ್ಟಿಯಾಗಿರಬೇಕು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ: ಕ್ಲಿಕ್ ಮಾಡಿ, ನಿಂತು, ಆಮೇಲೆ ‘ಆ’ ಎನ್ನುತ್ತಾರೆ. ಇದಕ್ಕೆ ನಮ್ಮ ಕವರ್ಗದ ‘ಙ’ ಒಳ್ಳೆಯ ಮದ್ದು. (ಶಾಲೆ ಬಿಟ್ಟ ಮೇಲೆ ಈ ಅಕ್ಷರಕ್ಕೆ ಕೆಲಸ ಸಿಗುವುದೇ ಅಪರೂಪ.) ಕ್ಲಿಕ್ಕಿಗೆ ಶ್ವಾಸಕೋಶದ ಗಾಳಿ ಬೇಡವಾದ್ದರಿಂದ, ‘ಙ್’ ಎಂದು ಮೂಗಿನಲ್ಲಿ ಗುಂಯ್‌ಗುಡುತ್ತಲೇ ಬಾಯಲ್ಲಿ ಕ್ಲಿಕ್ ಮಾಡಬಹುದು, ಗುಂಯ್‌ಕಾರ ಎಲ್ಲಿಯೂ ಕಡಿಯದಂತೆ ನೋಡಿಕೊಂಡು, ಕ್ಲಿಕ್ ಆದ ಕ್ಷಣವೇ ‘ಆ’ಕಾರಕ್ಕೆ ಜಾರಿರಿ. ಇದು ಸಲೀಸಾದರೆ ಸಾನುನಾಸಿಕ ಕ್ಲಿಕ್ ಬಂದಂತೆಯೇ. ಬಳಿಕ ಮೂಗಿನ ನಾದವನ್ನು ಬಿಟ್ಟು ‘ಕ’ದ ಹಾಗೆ ಬರಿದಾಗಿ, ‘ಖ’ದ ಹಾಗೆ ಉಸಿರು ಚೆಲ್ಲಿ ಅಭ್ಯಾಸ ಮಾಡಿರಿ. ಘೋಷ (ಗಂಟಲಿನ ನಾದ ಕೂಡಿದ) ಕ್ಲಿಕ್ ಮಾತ್ರ ‘ಗ’ಕ್ಕಿಂತ ‘ಘ’ದ ಕಡೆಗೆ ವಾಲುವ, ಉಸಿರು ಬೆರೆತ ಸದ್ದು. ಮಾತಿನ ಭರದಲ್ಲಿ ಮಹಾಪ್ರಾಣವನ್ನು ನುಂಗುವವರು ಇಲ್ಲಿ ಎಚ್ಚರ ವಹಿಸಬೇಕು, ಏಕೆಂದರೆ ಈ ಭಾಷೆಗಳಲ್ಲಿ ಅದು ಪದವನ್ನೇ ಬದಲಿಸಬಲ್ಲದು.

ಅಭ್ಯಾಸಕ್ಕೆ ಜೂಲೂವಿನಲ್ಲಿ ಮೊಟ್ಟೆ ಎಂಬರ್ಥದ ಪದ ಅನುಕೂಲ: ‘ಇ’ ಎಂದು, ‘ಕ್ಯೂ’ ಕ್ಲಿಕ್ ಕೂಡಿಸಿ, ತಡವಿಲ್ಲದೆ ‘ಆಂಡಾ’ ಎನ್ನಿರಿ. ಖೋಸಾ ಎಂಬ ಹೆಸರಿನ ಮೊದಲಕ್ಷರವೂ ‘ಖ’ ಅಲ್ಲ, ಉಸಿರು ಚೆಲ್ಲುವ ‘ಎಕ್ಸ್’ ಕ್ಲಿಕ್.

ಜೂಲೂ, ಖೋಸಾಗಳು ಆಫ್ರಿಕಾದ ಬಾಂಟು ಎಂಬ ದೊಡ್ಡ ಭಾಷಾಗುಂಪಿಗೆ ಸೇರಿದವು. ಕ್ಲಿಕ್ಕುಗಳು ಅವಕ್ಕೆ ಬಂದದ್ದು ಖೋಯಿಸಾನ್ ಎಂದು ಒಟ್ಟಾಗಿ ಕರೆಯುವ, ಬಾಂಟು ಅಲ್ಲದ ನೆರೆಯ ಭಾಷೆಗಳ ಒಡನಾಟದಿಂದ. ನಮೀಬಿಯಾದ ಖೋಯಿಖೋಯಿ ಭಾಷೆಯಲ್ಲಿ ನಾಲ್ಕು ಸ್ಥಾನಗಳಿಗೆ (ತಡೆ ಬಿಡುವ ಜಾಗಗಳಿಗೆ) ಐದೈದು ಬಗೆ ಸೇರಿ 20 ಕ್ಲಿಕ್ಕುಗಳಿದ್ದರೆ, ಬೋಟ್ಸ್ವಾನಾದ ತಾ ಭಾಷೆಯಲ್ಲಿ ತುಟಿಗಳಿಂದ ಹೊರಡುವ ಕ್ಲಿಕ್ ಕೂಡ ಉಂಟು. ಜೂಲೂವಿನ ಮೂರು ಸ್ಥಾನಗಳು ನಾಲಗೆಗೆ ಒಗ್ಗುವವರೆಗೆ ಅವುಗಳ ಗೊಡವೆ ಬೇಡ.